ಕಟ್ಟಿದವರ ಹೆಸರು ಎಲ್ಲಿದೆ?

ಕಳೆದ ಸಂಚಿಕೆಯಲ್ಲಿ ಅಸ್ಸಾಮಿನಿಂದ ಕಾಫಿ ತೋಟಗಳಿಗೆ ಬಂದ ಕೆಲಸಗಾರರ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಸಕಲೇಶಪುರ ತಾಲ್ಲೂಕಿನ ಹಿರಿಯ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: “ಹೊರಗಿನವರನ್ನು ಅನಿವಾರ್ಯಕ್ಕೆ ಇಟ್ಟುಕೊಂಡಿದ್ದೇವೆ. ಅದಕ್ಕೆ ಇಷ್ಟು ಹೊಗಳಿಕೆ ಏಕೆ? ಅಮೆರಿಕವನ್ನೇ ನೋಡಿ. ಅಲ್ಲಿಯವರು ಕಟ್ಟಿದರು, ಚಂದ್ರನಿಗೂ ಹೋದರು. ಆಮೇಲೆ ಬಂದವರು ಉಣ್ಣಲು ಬಂದವರು.”

ಮಾನ್ಯರೇ, ನಿಮ್ಮ ಆತಂಕದಲ್ಲಿ ಹುರುಳಿಲ್ಲ ಎನ್ನಲಾರೆ. ಕಡಿಮೆ ಕೂಲಿಗೆ ಜನ ಸಿಕ್ಕಿದಾಗ ಊರಿನ ಆಳುಗಳಿಗೆ ಪೆಟ್ಟು ಬೀಳುವುದು ನಿಜ. ಆದರೆ ಅಮೆರಿಕದ ಮಾತು ಎತ್ತಿದ್ದು ನೀವೇ ಆದ್ದರಿಂದ ಅದನ್ನು ಪೂರ್ತಿ ಹೇಳಿಬಿಡುತ್ತೇನೆ.

ಆ ದೇಶದ ಎರಡು ತುದಿಗಳನ್ನು ಕೂಡಿಸಿದ ರೈಲುದಾರಿ ಮುಗಿದದ್ದು 1869ರ ಮೇ 10ರಂದು. ಪಶ್ಚಿಮದ ಕಡೆಯಿಂದ ಸಿಯೆರಾ ನೆವಾಡಾ ಪರ್ವತ ಸೀಳಿ ಹಳಿ ತಂದವರಲ್ಲಿ ಬಹುಪಾಲು ಚೀನಾದವರು, ಸಾವಿರಾರು ಮಂದಿ. ಕೊರೆದದ್ದು ಗಟ್ಟಿ ಕಗ್ಗಲ್ಲು, ಕೈಯಲ್ಲಿ ಸುತ್ತಿಗೆ ಮತ್ತು ಸಿಡಿಮದ್ದು. ಚಳಿಗಾಲದಲ್ಲಿ ಹಿಮದಡಿಯಲ್ಲೇ ಸುರಂಗ ಮಾಡಿಕೊಂಡು ಓಡಾಡಿದರು, ಹಿಮ ಕುಸಿದು ಸತ್ತರು. 1867ರ ಜೂನ್‌ನಲ್ಲಿ ಬಿಳಿಯರಷ್ಟೇ ಕೂಲಿ ಕೊಡಿ ಎಂದು ಕೆಲಸ ನಿಲ್ಲಿಸಿ ಕುಳಿತರೆ, ಕಂಪನಿ ಅವರಿಗೆ ಬರುವ ಆಹಾರವನ್ನೇ ತಡೆಯಿತು. ಸುಮಾರು ಒಂದು ವಾರಕ್ಕೆ ಮುಷ್ಕರ ಮುರಿಯಿತು. ಹಳಿ ಕೂಡಿದ ದಿನದ ಆ ಪ್ರಸಿದ್ಧ ಛಾಯಾಚಿತ್ರದಲ್ಲಿ ಅವರನ್ನು ಹುಡುಕಬೇಕು. 1882ರಲ್ಲಿ ಚೀನಾದ ಕಾರ್ಮಿಕರು ದೇಶದೊಳಗೆ ಬರುವಂತಿಲ್ಲ ಎಂದು ಕಾನೂನೇ ಆಯಿತು. ಅದು ರದ್ದಾದದ್ದು 1943ರಲ್ಲಿ.

ನನ್ನನ್ನು ಹೆಚ್ಚು ಕೆಣಕುವುದು 1969ರ ಶತಮಾನೋತ್ಸವ. ಮಾತನಾಡಲು ಕಾದಿದ್ದ ಚೀನೀ ಮೂಲದವರ ಪ್ರತಿನಿಧಿಗೆ ವೇದಿಕೆ ಸಿಗಲಿಲ್ಲ. ಸಾರಿಗೆ ಸಚಿವ ಜಾನ್ ವೋಲ್ಪಿ ಭಾಷಣದಲ್ಲಿ ಆ ಸುರಂಗಗಳ ಕೀರ್ತಿಯನ್ನು ಅಮೆರಿಕನ್ನರಿಗೇ ಕೊಟ್ಟರು. ವೋಲ್ಪಿಯವರ ತಂದೆತಾಯಿ ಇಟಲಿಯಿಂದ ವಲಸೆ ಬಂದವರು! ಒಂದೇ ತಲೆಮಾರಿಗೆ ಮರೆವು ಇಷ್ಟು ದಟ್ಟವಾಗುತ್ತದೆ.

ಅದೇ ವರ್ಷ ಜುಲೈನಲ್ಲಿ ನೀವು ಹೇಳುವ ಚಂದ್ರಯಾನವೂ ಆಯಿತು. ಅಪೊಲೊ ನೌಕೆಗಳು ಎಲ್ಲಿಳಿಯಬೇಕೆಂದು ಗುರುತಿಸಿದ ತಂಡದಲ್ಲಿದ್ದು, ಗಗನಯಾತ್ರಿಗಳಿಗೆ ಚಂದ್ರನ ನೆಲ ಓದಲು ಕಲಿಸಿದ ಫಾರೂಕ್ ಎಲ್-ಬಾಜ್ ಈಜಿಪ್ಟಿನವರು. ರಾಕೆಟ್ ರೂಪಿಸಿದವರ ಮುಂದಾಳು ವೆರ್ನರ್ ಫಾನ್ ಬ್ರೌನ್ ಜರ್ಮನಿಯವರು. ಕಕ್ಷೆಯ ಲೆಕ್ಕ ಹಾಕಿದ ಕ್ಯಾಥರೀನ್ ಜಾನ್ಸನ್ ಆ ದೇಶದ ಮಗಳೇ. ಆದರೂ ಕಪ್ಪು ವರ್ಣದವರೆಂದು ಅವರು ಮೊದಲು ಸೇರಿದ ವಿಭಾಗವನ್ನೇ ಬೇರೆ ಕೂರಿಸಿದ್ದರು. ಶಿಕಾಗೋದ 110 ಅಂತಸ್ತಿನ ಸಿಯರ್ಸ್ ಗೋಪುರ ದಶಕಗಳ ಕಾಲ ಜಗತ್ತಿನಲ್ಲೇ ಎತ್ತರದ ಕಟ್ಟಡವಾಗಿತ್ತಲ್ಲ, ಅದನ್ನು ನಿಲ್ಲಿಸುವ ಬಗೆ ಕಂಡುಕೊಂಡ ಎಂಜಿನಿಯರ್ ಫಜ್ಲುರ್ ಖಾನ್ ಢಾಕಾದವರು. ಇವರಲ್ಲಿ ಉಣ್ಣಲು ಬಂದವರು ಯಾರು, ನೀವೇ ಹೇಳಿ.

ಅಷ್ಟು ದೂರವೂ ಬೇಡ. ನಿಮ್ಮ ತೋಟದಿಂದ ಬೇಲೂರು ಎಷ್ಟು ಹೊತ್ತಿನ ದಾರಿ? 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರ ಕೆಳಗೆ ಬಾಗಿ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಕೆತ್ತಿದೆ. ಚಾಲುಕ್ಯರ ಸೀಮೆಯಿಂದ ಹೊಯ್ಸಳರ ನಾಡಿಗೆ ಕೆಲಸಕ್ಕೆ ಬಂದವರು ಅವರು. ನಮ್ಮವರು ಅವರಿಂದ ಕೆಲಸ ಮಾಡಿಸಿಕೊಂಡಿದ್ದಷ್ಟೇ ಅಲ್ಲ, ಹೆಸರು ಬರೆದುಕೊಳ್ಳಲು ಕಲ್ಲಿನಲ್ಲಿ ಜಾಗವನ್ನೂ ಬಿಟ್ಟರು. ಈ ಜಿಲ್ಲೆಯವನೆಂದು ನಾನು ಎದೆಯುಬ್ಬಿಸುವುದು ಅದಕ್ಕೆ. ಇನ್ನು ನಿಮ್ಮ ಕಾಫಿಯೋ, ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಮಿಳು ಸೀಮೆಯಿಂದ, ಘಟ್ಟದ ಕೆಳಗಿನಿಂದ ಬಂದವರು ತಲೆಮಾರುಗಳ ಕಾಲ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿ, ಹಣ್ಣು ಕುಯ್ದು ಈ ತೋಟಗಳನ್ನು ಉಳಿಸಿದರು. ಈಗ ಅಸ್ಸಾಮಿನವರ ಸರದಿ.

ಇಷ್ಟಾಗಿಯೂ ನಮ್ಮ ಜಿಲ್ಲೆಗಳಿಗೆ ಬರುವ ಜನಪ್ರತಿನಿಧಿಗಳ ಬಾಯಲ್ಲಿ ಕಾಫಿ ಬೆಲೆ ಇದೆ, ಆನೆ ಹಾವಳಿ ಇದೆ, ತೋಟದ ಕೆಲಸಗಾರರು ವಾಸಿಸುವ ಲೈನ್‌ಮನೆಗಳ ಮಾತಿಲ್ಲ. ಅಲ್ಲಿನ ಮಕ್ಕಳು ಕೊಯ್ಲಿನ ತಿಂಗಳುಗಳಲ್ಲಿ ಕಣದಲ್ಲೇ ಹೊತ್ತು ಕಳೆಯುವುದನ್ನು ನಾನು ನೋಡಿದ್ದೇನೆ. ಹಳೆಯ ಶಾಲೆಯ ವರ್ಗಾವಣೆ ಪತ್ರ ಬಂದಿಲ್ಲವೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದನ್ನು ಆ ತಾಯಂದಿರಿಗೆ ಅವರ ಭಾಷೆಯಲ್ಲಿ ಹೇಳಿದವರು ಯಾರು?

ನೀವು ಓದಿಕೊಂಡವರು, ನಾಲ್ಕು ಜನ ನಿಮ್ಮ ಮಾತು ಕೇಳುತ್ತಾರೆ. ಈ ವಾರ ತೋಟದ ಲೆಕ್ಕ ಬರೆಯುವ ರೈಟರನ್ನು ಕರೆದು ನಿಮ್ಮ ಲೈನಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳೆಷ್ಟು, ಹೋಗುತ್ತಿರುವವರೆಷ್ಟು ಎಂದು ಪಟ್ಟಿ ಮಾಡಿಸಿ. ಅದನ್ನು ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರದ ಜೊತೆಗೇ ಅಚ್ಚು ಹಾಕುತ್ತೇನೆ.

— ಸಂಪಾದಕ