ಕಟ್ಟಿದ್ದಲ್ಲ, ಬಿಡಿಸಿದ್ದು

ಬಾದಾಮಿ ಕಡೆಯ ಓದುಗರೊಬ್ಬರು ನಮ್ಮನ್ನು ಹಿಡಿದುಹಾಕಿದ್ದಾರೆ. ಕಳೆದ ಸಂಚಿಕೆಯಲ್ಲಿ ಇಥಿಯೋಪಿಯಾದ ಒಂದು ಚಿತ್ರದ ಕೆಳಗೆ ‘ರಾಜ ಲಾಲಿಬೆಲಾ ಕಟ್ಟಿಸಿದ ಚರ್ಚು’ ಎಂದು ಹಾಕಿದ್ದೆವು. ‘ಕಲ್ಲಿನ ಮೇಲೆ ಕಲ್ಲು ಇಟ್ಟೇ ಇಲ್ಲ, ಕಟ್ಟಿದ್ದು ಹೇಗಾಯಿತು? ನಮ್ಮೂರ ಗುಹೆಗಳನ್ನು ಯಾರೂ ಕಟ್ಟಿದ್ದು ಅನ್ನೋದಿಲ್ಲ’ ಎಂಬುದು ಅವರ ತಕರಾರು. ಜೊತೆಗೆ ಎರಡು ಪ್ರಶ್ನೆ: ಬಂಡೆ ಕೊರೆದು ಮಾಡಿದ ಚರ್ಚಿಗೆ ಕಂಬ ಯಾಕೆ? ಅವರು ಎಲ್ಲೋರದ ಕೈಲಾಸ ನೋಡಿ ಕಲಿತರಾ?

ತಪ್ಪು ನಮ್ಮದೇ, ಒಪ್ಪಿದೆವು. ಆದರೆ ಬಾದಾಮಿಯ ಮಾತು ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಬಾದಾಮಿಯಲ್ಲಿ ಬೆಟ್ಟದ ಮುಖದಿಂದ ಒಳಕ್ಕೆ ಕೊರೆದರು. ಆ ರಾಜನ ಹೆಸರೇ ಇರುವ ಊರು ಲಾಲಿಬೆಲಾ. ಅಲ್ಲಿಯ ಚರ್ಚು ಬೇಟೆ ಗಿಯೋರ್ಗಿಸ್ ಹಾಗಲ್ಲ. (ಬೇಟೆ ಅಂದರೆ ಅಲ್ಲಿ ಶಿಕಾರಿಯಲ್ಲ, ಮನೆ. ಸಂತ ಜಾರ್ಜ್‌ನ ಮನೆ.) ಅಲ್ಲಿ ನೆಲವೇ ಬಂಡೆ. ಸುತ್ತಲೂ ಸುಮಾರು 12 ಮೀಟರ್ ಆಳಕ್ಕೆ ಕಂದಕ ತೋಡಿದರು. ನಡುವೆ ಉಳಿದ ದಿಮ್ಮಿಗೆ ಶಿಲುಬೆಯ ಆಕಾರ ಕೊಟ್ಟರು. ಆಮೇಲೆ ಅದರೊಳಗೆ ನುಗ್ಗಿ ಟೊಳ್ಳು ಮಾಡಿದರು. ದೂರದಿಂದ ಬರುವವನಿಗೆ ಚರ್ಚು ಕಾಣುವುದೇ ಇಲ್ಲ. ಅಂಚಿಗೆ ಬಂದು ಬಗ್ಗಿದರೆ ಕಾಲ ಕೆಳಗೆ ಚಾವಣಿ, ಅದರ ಮೇಲೆ ಒಂದರೊಳಗೊಂದು ಕೆತ್ತಿದ ಶಿಲುಬೆಗಳು.

ಇಂಥ ಹನ್ನೊಂದು ಚರ್ಚುಗಳಿವೆ. ಎಲ್ಲವೂ ಹೀಗೆ ನಾಲ್ಕೂ ಕಡೆ ಬಿಡಿಯಾಗಿಲ್ಲ. ಬೇಟೆ ಅಬ್ಬಾ ಲಿಬಾನೋಸ್‌ನ ತಲೆ ಇನ್ನೂ ಬೆಟ್ಟಕ್ಕೇ ಅಂಟಿಕೊಂಡಿದೆ.

ನನಗೆ ಶಿಲ್ಪಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಚರಂಡಿ. ನಗಬೇಡಿ. ಜೋರು ಮಳೆಗಾಲ ಇರುವ ಬೆಟ್ಟದೂರಲ್ಲಿ ಇಷ್ಟು ಆಳದ ಗುಂಡಿ ತೋಡಿದರೆ ಏನಾಗುತ್ತದೆ? ಕೆರೆಯಾಗುತ್ತದೆ, ಅಲ್ವಾ? ಅದಕ್ಕೇ ಚರ್ಚುಗಳ ಜೊತೆಗೆ ನೀರು ಹರಿದು ಹೋಗುವ ಕಾಲುವೆಗಳನ್ನೂ ಬಂಡೆಯಲ್ಲೇ ತೋಡಿದ್ದಾರೆ. ಹಗಲು ಜನ, ರಾತ್ರಿ ದೇವದೂತರು ಕೆಲಸ ಮಾಡಿದರು ಎಂಬುದು ಅಲ್ಲಿಯ ಐತಿಹ್ಯ. ಕಾಲುವೆಯ ಇಳಿಜಾರು ನೋಡಿದರೆ ಹಗಲು ಪಾಳಿಯವರೂ ಕಮ್ಮಿಯವರಲ್ಲ ಅನ್ನಿಸುತ್ತದೆ.

ಕೈಲಾಸದ ಪ್ರಶ್ನೆಗೆ ಬರೋಣ. ಅದು ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ್ದು, 8ನೇ ಶತಮಾನ. ಲಾಲಿಬೆಲಾ 1200ರ ಆಸುಪಾಸಿನ ರಾಜ. ಎರಡೂ ಕಡೆ ಮೇಲಿಂದ ಕೆಳಕ್ಕೆ ಕಡಿದ ಕೆಲಸ. ಆದರೆ ಬೇಟೆ ಅಮಾನುಯೇಲ್‌ನ ಗೋಡೆ ಬೇರೆಯೇ ಕಥೆ ಹೇಳುತ್ತದೆ. ಒಂದು ಪಟ್ಟಿ ಮುಂದಕ್ಕೆ, ಒಂದು ಹಿಂದಕ್ಕೆ. ಇಥಿಯೋಪಿಯಾದ ಹಳೆಯ ಅಕ್ಸುಮ್ ರಾಜ್ಯದಲ್ಲಿ ಗೋಡೆ ಕಟ್ಟುವಾಗ ಕಲ್ಲಿನ ವರಸೆಗಳ ನಡುವೆ ಮರದ ತೊಲೆ ಕೂರಿಸುತ್ತಿದ್ದರು. ಅದೇ ಗೋಡೆಯ ನಕಲು ಇಲ್ಲಿ ಬರೀ ಕಲ್ಲಿನಲ್ಲಿದೆ. ಅಕ್ಸುಮ್‌ನ ದೊಡ್ಡ ಕಲ್ಲುಕಂಬಗಳೂ ಹೀಗೇ. ಬಾಗಿಲು, ಕಿಟಕಿ ಕೆತ್ತಿದ ಬಹುಮಹಡಿ ಮನೆಯಂತಿವೆ, ಒಳಗೆ ಹೋಗಲು ಮಾತ್ರ ಜಾಗವಿಲ್ಲ. ಅಂದರೆ ಆಕಾರ ಅವರ ಮನೆಯದೇ. ನಮ್ಮಿಂದ ಕಲಿತರು ಅಂತ ಸುಮ್ನೆ ಬೀಗುವುದು ಬೇಡ.

ಕಂಬಕ್ಕೂ ಇದೇ ಉತ್ತರ. ಚರ್ಚು ಅಂದರೆ ಹೀಗಿರಬೇಕು ಎಂಬ ಚಿತ್ರ ಕಲ್ಲುಕುಟಿಗರ ತಲೆಯಲ್ಲಿತ್ತು. ತುರ್ಕಿಯ ಕಪಡೋಕಿಯಾಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಗೋರೆಮೆ ಸುತ್ತಿನ ಗುಹಾಚರ್ಚುಗಳಲ್ಲಿ ಕೆಲವು ಕಂಬಗಳ ಕಾಲು ಮುರಿದುಹೋಗಿದೆ. ಮೇಲಿನ ತುಂಡು ಕಮಾನಿಗೆ ಜೋತುಬಿದ್ದಿದೆ. ಚಾವಣಿ ಮಾತ್ರ ಅಲ್ಲಾಡಿಲ್ಲ! ಹಾಗಂತ ಎಲ್ಲ ಕಂಬವೂ ತೋರಿಕೆಯದಲ್ಲ. ಲಾಲಿಬೆಲಾದ ಬೇಟೆ ಮೆಧಾನೆ ಆಲೆಮ್ 33 ಮೀಟರ್‌ಗೂ ಉದ್ದ. ಅಷ್ಟು ದೊಡ್ಡ ಒಳಮನೆಯಲ್ಲಿ ಕಂಬ ತೆಗೆದು ನೋಡುವ ಧೈರ್ಯ ಯಾರಿಗೂ ಬೇಡ.

ಇನ್ನು ಆ ಪದ. ‘ಕೊರೆದ’ ಅಂದರೆ ಬರೀ ತೂತು ಮಾಡಿದಂತೆ ಕೇಳಿಸುತ್ತದೆ. ಅವರೆಕಾಯಿ ಬಿಡಿಸುತ್ತೇವೆ, ಚಿತ್ರ ಬಿಡಿಸುತ್ತೇವೆ. ಬೇಟೆ ಗಿಯೋರ್ಗಿಸ್‌ನಲ್ಲಿ ಎರಡೂ ಆಗಿದೆ. ಆದ್ದರಿಂದ ತಿದ್ದುಪಡಿ ಹೀಗೆ: ‘ರಾಜ ಲಾಲಿಬೆಲಾ ಬಂಡೆಯಿಂದ ಬಿಡಿಸಿದ ಚರ್ಚು’. ಇದಕ್ಕೂ ತಕರಾರಿದ್ದರೆ ಇನ್ನೊಂದು ಪತ್ರ ಬರೆಯಿರಿ.

– ಸಂ.