ಏಳು ಗ್ರಹಗಳ ಆ ನಕ್ಷತ್ರ ನಮ್ಮೂರಿಂದ ಕಾಣುತ್ತಾ?

ಪ್ರಶ್ನೆ: ಭೂಮಿಯಂಥ ಏಳು ಗ್ರಹಗಳು ಒಂದೇ ನಕ್ಷತ್ರವನ್ನು ಸುತ್ತುತ್ತಿವೆ ಅಂತ ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲಿ ಸಮುದ್ರ, ಮೋಡ ಇರುವ ಫೋಟೊಗಳೂ ಇದ್ದವು. ಇದೆಲ್ಲ ನಿಜಾನಾ? ಅಲ್ಲಿ ಜೀವ ಇದೆಯಾ? ನಮ್ಮ ಕ್ಯಾಂಪಿನಿಂದ ಆ ನಕ್ಷತ್ರ ಕಾಣುತ್ತಾ?
– ಪಿಯುಸಿ ವಿದ್ಯಾರ್ಥಿನಿ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ಏಳು ಗ್ರಹಗಳಿರುವುದು ನಿಜ. ಆದರೆ ನೀವು ನೋಡಿದ್ದು ಫೋಟೊ ಅಲ್ಲ, ಕಲಾವಿದರು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ. ಆ ಏಳರಲ್ಲಿ ಒಂದರ ನೆಲವನ್ನೂ ಇದುವರೆಗೆ ಯಾವ ಟೆಲಿಸ್ಕೋಪೂ ನೋಡಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ಆ ಬಣ್ಣದ ಚಿತ್ರಗಳ ಹಿಂದೆ ನಿಜವಾದ ಕೆಲಸ ಮರೆಯಾಗಿಬಿಡುತ್ತದೆ. ಕಣ್ಣಿಗೇ ಕಾಣದ ಗ್ರಹಗಳ ಗಾತ್ರ, ತೂಕ, ವರ್ಷದ ಲೆಕ್ಕ ಎಲ್ಲವನ್ನೂ ಬರೀ ಬೆಳಕಿನ ಏರಿಳಿತದಿಂದ ತೆಗೆದಿದ್ದಾರೆ.

ನಕ್ಷತ್ರದ ಹೆಸರು ಟ್ರಾಪಿಸ್ಟ್-1. ಕುಂಭ ರಾಶಿಯ ದಿಕ್ಕಿನಲ್ಲಿ, ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿದೆ. ಇದು ಕೆಂಪು ಕುಬ್ಜ, ಅಂದರೆ ಸಣ್ಣ, ಮಂಕಾದ, ಕೆಂಪು ಬೆಳಕಿನ ನಕ್ಷತ್ರ. ನಮ್ಮ ಗುರುಗ್ರಹಕ್ಕಿಂತ ಸ್ವಲ್ಪವೇ ದೊಡ್ಡದು. ತೂಕ ಸೂರ್ಯನ ಶೇ 9ರಷ್ಟು. ಮೇಲ್ಮೈ ಬಿಸಿ ಸುಮಾರು 2,300 ಡಿಗ್ರಿ ಸೆಲ್ಸಿಯಸ್. ಸೂರ್ಯನದು 5,500.

ಗ್ರಹಗಳು ಸಿಕ್ಕಿದ್ದು ಹೀಗೆ. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಗ್ರಹ ಸೂರ್ಯನ ಮುಂದೆ ಸಣ್ಣ ಕಪ್ಪು ಚುಕ್ಕೆಯಾಗಿ ಹಾದುಹೋಯಿತು. ನಿಮ್ಮ ಮೇಷ್ಟ್ರು ಅದನ್ನು ನೋಡಿರಬಹುದು, ಕೇಳಿ. ಟ್ರಾಪಿಸ್ಟ್-1ರ ಗ್ರಹಗಳೂ ಹಾಗೇ ಅದರ ಮುಂದೆ ಹಾಯುತ್ತವೆ. ಇಷ್ಟು ದೂರಕ್ಕೆ ಚುಕ್ಕೆ ಕಾಣುವುದಿಲ್ಲ. ಆದರೆ ನಕ್ಷತ್ರದ ಬೆಳಕು ಶೇ 1ಕ್ಕಿಂತ ಕಮ್ಮಿ ಇಳಿದು, ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಂತಾಗುತ್ತದೆ. ಎಷ್ಟು ಇಳಿಯಿತು ಅನ್ನುವುದರಿಂದ ಗ್ರಹದ ಗಾತ್ರ ತಿಳಿಯುತ್ತದೆ. ಎಷ್ಟು ದಿನಕ್ಕೊಮ್ಮೆ ಇಳಿಯುತ್ತದೆ ಅನ್ನುವುದೇ ಅದರ ವರ್ಷ.

ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಖಾಯೆಲ್ ಗಿಯೋನ್ ಮತ್ತು ಅವರ ತಂಡ ಚಿಲಿ ದೇಶದಲ್ಲಿಟ್ಟ ಟೆಲಿಸ್ಕೋಪಿನ ಕನ್ನಡಿ ಬರೀ 60 ಸೆಂಟಿಮೀಟರ್ ಅಗಲ. 2016ರಲ್ಲಿ ಅವರು ಮೂರು ಗ್ರಹಗಳಿವೆ ಅಂದರು. ಆ ಕೆಲಸದಲ್ಲಿ ಲಡಾಖ್‌ನ ಹಾನ್ಲೆಯಲ್ಲಿರುವ ನಮ್ಮ ಹಿಮಾಲಯನ್ ಚಂದ್ರ ಟೆಲಿಸ್ಕೋಪಿನ ಪಾಲೂ ಇತ್ತು. ಆ ಟೆಲಿಸ್ಕೋಪನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಆಮೇಲೆ ಸ್ಪಿಟ್ಜರ್ ಬಾಹ್ಯಾಕಾಶ ಟೆಲಿಸ್ಕೋಪ್ ಸುಮಾರು 20 ದಿನ ಆ ನಕ್ಷತ್ರವನ್ನೇ ನೋಡಿತು. ಮೂರನೆಯ ಗ್ರಹದ್ದು ಅಂದುಕೊಂಡಿದ್ದ ಇಳಿತಗಳು ಬೇರೆ ಬೇರೆ ಗ್ರಹಗಳದ್ದು ಅಂತ ಆಗ ಗೊತ್ತಾಯಿತು. 2017ರ ಫೆಬ್ರುವರಿಯಲ್ಲಿ ಲೆಕ್ಕ ಏಳಕ್ಕೆ ಬಂತು. ಬಿ ಇಂದ ಎಚ್‌ವರೆಗೆ ಒಂದೊಂದು ಅಕ್ಷರವೇ ಅವುಗಳ ಹೆಸರು.

ಏಳೂ ಒತ್ತೊತ್ತಾಗಿವೆ. ಕೊನೆಯದಾದ ಎಚ್ ಕೂಡ ನಕ್ಷತ್ರದಿಂದ ಸುಮಾರು 93 ಲಕ್ಷ ಕಿಲೋಮೀಟರ್ ದೂರದಲ್ಲಷ್ಟೇ ಇದೆ. ನಮ್ಮ ಬುಧ ಸೂರ್ಯನಿಂದ 5.8 ಕೋಟಿ ಕಿಲೋಮೀಟರ್ ದೂರ. ಹೀಗೆ ಹತ್ತಿರ ಇರುವುದರಿಂದ ಗ್ರಹಗಳು ಒಂದನ್ನೊಂದು ಎಳೆಯುತ್ತವೆ. ನಕ್ಷತ್ರದ ಮುಂದೆ ಹಾಯುವ ಹೊತ್ತು ಕೆಲವು ನಿಮಿಷ ಹಿಂದೆಮುಂದೆ ಆಗುತ್ತದೆ. ಆ ನಿಮಿಷಗಳ ಲೆಕ್ಕದಿಂದಲೇ ಅವುಗಳ ತೂಕ ತೆಗೆದರು! ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಏಳೂ ಬಂಡೆಯಂಥ ಗ್ರಹಗಳು, ಸಾಂದ್ರತೆ ಭೂಮಿಗಿಂತ ಸುಮಾರು ಶೇ 8ರಷ್ಟು ಕಮ್ಮಿ ಅಂತ ಅದರಿಂದ ತಿಳಿಯಿತು.

ಇನ್ನು ಜೀವದ ಮಾತು. ಇ, ಎಫ್, ಜಿ ಈ ಮೂರು ಗ್ರಹಗಳು ನೀರು ನೀರಾಗಿಯೇ ಉಳಿಯಬಹುದಾದ ದೂರದಲ್ಲಿವೆ. ಹಾಗಂತ ನೀರು ಇದೆ ಅಂತಲ್ಲ. ಮೊದಲು ಗಾಳಿಯ ಹೊದಿಕೆ ಇರಬೇಕು. ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ಅಳೆದ ಬಿ ಗ್ರಹದ ಹಗಲು ಭಾಗದ ಬಿಸಿ 2023ರಲ್ಲಿ ಪ್ರಕಟವಾಯಿತು. ಸುಮಾರು 230 ಡಿಗ್ರಿ ಸೆಲ್ಸಿಯಸ್. ಬರಿ ಬಂಡೆ ಬಿಸಿಲಿಗೆ ಕಾದರೆ ಎಷ್ಟಿರಬೇಕೋ ಅಷ್ಟೇ. ಸಿ ಗ್ರಹದಲ್ಲೂ ಶುಕ್ರನಂಥ ದಟ್ಟ ಗಾಳಿ ಇಲ್ಲ ಅಂತಾಯಿತು. ಎಲ್ಲರ ಕಣ್ಣು ಇರುವುದು ಇ ಮೇಲೆ. 2025ರಲ್ಲಿ ಅದರ ಮೊದಲ ನಾಲ್ಕು ಸಲದ ಅಳತೆ ಪ್ರಕಟವಾಯಿತು. ಗಾಳಿ ಇದೆ ಅಂತಲೂ ಇಲ್ಲ ಅಂತಲೂ ತೀರ್ಮಾನ ಆಗಲಿಲ್ಲ. ನಕ್ಷತ್ರದ ಮೈಮೇಲಿನ ಕಲೆಗಳು ಅಳತೆಯನ್ನು ಕೆಡಿಸುತ್ತವೆ. ಜೀವ ಇದೆ ಅಂತ ಯಾರಾದರೂ ವಿಡಿಯೋದಲ್ಲಿ ಹೇಳಿದರೆ ನಂಬಬೇಡಿ.

ನಕ್ಷತ್ರ ಬರಿಗಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತಲೂ ಲಕ್ಷ ಪಟ್ಟು ಮಂಕು ಅದು. ಜಾಗ ಮಾತ್ರ ಗುರುತಿಸಬಹುದು. ಅಕ್ಟೋಬರ್ ಕೊನೆಯಲ್ಲಿ, ಮೋಡ ಇಲ್ಲದ ರಾತ್ರಿ 9.30ರ ಹೊತ್ತಿಗೆ, ಬೀದಿದೀಪ ಇಲ್ಲದ ಕಡೆ ಗದ್ದೆಯ ಬದುವಿನ ಮೇಲೆ ದಕ್ಷಿಣಕ್ಕೆ ಮುಖಮಾಡಿ ನಿಂತುಕೊಳ್ಳಿ. ಅರ್ಧ ಆಕಾಶದ ಎತ್ತರದಲ್ಲಿ ಪ್ರಕಾಶಮಾನವಾದ ಒಂಟಿ ನಕ್ಷತ್ರ ಕಾಣುತ್ತದೆ. ಅದು ಫೋಮಲ್‌ಹಾಟ್. ಕೈ ಪೂರ್ತಿ ಚಾಚಿ, ಅಲ್ಲಿಂದ ನೆತ್ತಿಯ ಕಡೆಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಳೆಯಿರಿ. ಟ್ರಾಪಿಸ್ಟ್-1 ಇರುವುದು ಅಲ್ಲೇ.

ಪ್ರಶ್ನೆ: ಅಲ್ಲಿ ಒಂದೂವರೆ ದಿನಕ್ಕೊಂದು ಯುಗಾದಿ ಬರುತ್ತೆ ಅಂತ ಮಗ ಹೇಳಿದ. ಹಾಗಾದರೆ ಹಗಲು, ರಾತ್ರಿ ಎಷ್ಟು ಹೊತ್ತು?
– ಓದುಗರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಬಿ ಗ್ರಹದ ವರ್ಷ ಒಂದೂವರೆ ದಿನ. ಇ ಗ್ರಹದ್ದು ಆರು ದಿನ. ಆದರೆ ನಮ್ಮಲ್ಲಿರುವಂಥ ಹಗಲು, ರಾತ್ರಿ ಅಲ್ಲಿ ಇರಲಿಕ್ಕಿಲ್ಲ. ನಕ್ಷತ್ರಕ್ಕೆ ಇಷ್ಟು ಹತ್ತಿರ ಇರುವ ಗ್ರಹ ಸಾಮಾನ್ಯವಾಗಿ ಒಂದೇ ಮುಖವನ್ನು ಅದರ ಕಡೆ ಇಟ್ಟುಕೊಂಡು ಸುತ್ತುತ್ತದೆ. ಚಂದ್ರ ನಮಗೆ ಒಂದೇ ಮುಖ ತೋರಿಸುತ್ತಾನಲ್ವಾ, ಹಾಗೆ. ಅಂದರೆ ಒಂದು ಕಡೆ ಯಾವಾಗಲೂ ಹಗಲು, ಇನ್ನೊಂದು ಕಡೆ ಯಾವಾಗಲೂ ಕತ್ತಲೆ.

ಪ್ರಶ್ನೆ: ದೊಡ್ಡ ಟೆಲಿಸ್ಕೋಪ್ ಇಲ್ಲದೆ ಈ ಕೆಲಸ ಮಾಡಕ್ಕಾಗುತ್ತಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಖಂಡಿತ ಆಗುತ್ತದೆ. ಎಚ್ ಗ್ರಹವನ್ನು ಸ್ಪಿಟ್ಜರ್ ನೋಡಿದ್ದು ಒಂದೇ ಸಲ. ಅದರ ವರ್ಷ ಎಷ್ಟು ಅಂತ ಗೊತ್ತಿರಲಿಲ್ಲ. ಉಳಿದ ಆರು ಗ್ರಹಗಳ ಅವಧಿಗಳು ಒಂದಕ್ಕೊಂದು ತಾಳಕ್ಕೆ ಸಿಗುತ್ತವೆ. ಬಿ ಎಂಟು ಸುತ್ತು ಮುಗಿಸುವಾಗ ಸಿ ಐದು ಸುತ್ತು ಮುಗಿಸುತ್ತದೆ. ಆ ತಾಳ ಹಿಡಿದೇ ಎಚ್‌ಗೆ ಇರಬಹುದಾದ ಕೆಲವು ಅವಧಿಗಳನ್ನು ಲೆಕ್ಕ ಹಾಕಿದ್ದರು. 2017ರ ಮಾರ್ಚ್‌ನಲ್ಲಿ ಕೆಪ್ಲರ್ ಬಾಹ್ಯಾಕಾಶ ಟೆಲಿಸ್ಕೋಪ್ ಈ ನಕ್ಷತ್ರದ ಬೆಳಕನ್ನು ಅಳೆದ ಕಚ್ಚಾ ಅಂಕಿಗಳನ್ನು ನಾಸಾ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಲ್ಲಿ ಹುಡುಕಿದಾಗ ಲೆಕ್ಕದ ಒಂದು ಉತ್ತರ ಸರಿಯಾಗಿ ಕೂತಿತು: 18.77 ದಿನ. ಆ ಕೆಲಸದ ಮುಂದಾಳು ಆಗಿನ್ನೂ ಪಿಎಚ್‌ಡಿ ವಿದ್ಯಾರ್ಥಿ. ಅದೇ ಅಂಕಿಗಳು ಇವತ್ತಿಗೂ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಸಾಕು, ಡೌನ್‌ಲೋಡ್ ಮಾಡಿ ಗ್ರಾಫ್ ಬರೆಯಿರಿ. ಮೊದಲು ಬಿ ಗ್ರಹದ ಇಳಿತ ಹುಡುಕಿ. ಒಂದೂವರೆ ದಿನಕ್ಕೊಮ್ಮೆ ಬರುವುದರಿಂದ ಅದು ಬೇಗ ಸಿಗುತ್ತದೆ.