ಇರಾನಿನ ಕಚೇರಿ ಪತ್ರದಲ್ಲಿ ‘ನಾನು’ ಎಲ್ಲಿ?

ಪ್ರಶ್ನೆ: ಪರ್ಷಿಯನ್ ಕಲಿಯುತ್ತಿದ್ದೇನೆ. ಕಥೆ, ಸುದ್ದಿ ಓದಿದರೆ ಅರ್ಥವಾಗುತ್ತದೆ. ಆದರೆ ಟೆಹರಾನಿನ ಒಂದು ಕಚೇರಿಯಿಂದ ಬಂದ ಪತ್ರದ ತಲೆಬುಡ ತಿಳಿಯಲಿಲ್ಲ. ಈ ಭಾಷೆಯನ್ನು ಎಲ್ಲಿಂದ ಹಿಡಿಯಬೇಕು?

ಉತ್ತರ: ಪದಪಟ್ಟಿ ಉರು ಹೊಡೆಯಲು ಹೋಗಬೇಡಿ. ಇಲ್ಲಿ ಪದಗಳಿಗಿಂತ ಜಾಸ್ತಿ ಕಾಡುವುದು ಕ್ರಿಯಾಪದ.

ಇಂಥ ಪತ್ರಗಳು ಹೆಚ್ಚಾಗಿ ‘ಎಹ್ತೆರಾಮನ್ ಬೆ ಎಸ್ತೆಹ್ಜಾರ್ ಮೀರಸಾನದ್’ ಎಂದು ಶುರುವಾಗುತ್ತವೆ. ನಮ್ಮ ಹಳೇ ಅರ್ಜಿಗಳ ‘ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಬರೆಯುವವರು ತಮ್ಮ ಬಗ್ಗೆಯೇ ಹೇಳುತ್ತಿದ್ದರೂ ‘ಮೀರಸಾನಮ್’ (ತಲುಪಿಸುತ್ತೇನೆ) ಎನ್ನುವುದಿಲ್ಲ. ಕರ್ತೃವನ್ನು ಬಿಟ್ಟು ಪ್ರಥಮ ಪುರುಷ ಏಕವಚನ, ಅಂದರೆ ‘ಅವನು/ಅವಳು’ ರೂಪ, ಹಾಕುತ್ತಾರೆ. ‘ನಾನು’ ಎನ್ನಲೇಬೇಕಾದರೆ ‘ಮನ್’ ಬದಲು ‘ಈನ್‌ಜಾನೆಬ್’ ಬರುತ್ತದೆ.

ಇನ್ನು ಕೋರಿಕೆ: ‘ಖಾಹೆಶ್‌ಮಂದ್ ಅಸ್ತ್ ದಸ್ತೂರ್ ಫರ್ಮಾಯೀದ್ ಎಕ್ದಾಮೆ ಲಾಜೆಮ್ ಮಅಮೂಲ್ ಗರ್ದದ್’. ಅಗತ್ಯ ಕ್ರಮ ಕೈಗೊಳ್ಳಲು ಅಪ್ಪಣೆ ಕೊಡಬೇಕಾಗಿ ವಿನಂತಿ, ಅಷ್ಟೇ. ‘ಖಾಹೆಶ್‌ಮಂದ್ ಅಸ್ತ್’ನಲ್ಲೂ ‘ನಾನು’ ಇಲ್ಲ, ನೋಡಿ. ‘ಫರ್ಮಾಯೀದ್’, ‘ಗರ್ದದ್’ ಎರಡೂ ‘ಹಾಗಾಗಲಿ’ ಎಂಬ ಭಾವದ ರೂಪಗಳು. ಪಾಠದಲ್ಲಿ ಕಲಿತ ‘ಬೆ’ ಎಂಬ ಮುಂಪ್ರತ್ಯಯ ಕಚೇರಿ ಶೈಲಿಯಲ್ಲಿ ಬಿದ್ದುಹೋಗುತ್ತದೆ. ಅದಕ್ಕೇ ಗುರುತು ಸಿಗುವುದಿಲ್ಲ. ಅಂದಹಾಗೆ, ಇಲ್ಲಿನ ‘ಮಅಮೂಲ್’ ನಮ್ಮ ಕಚೇರಿಗಳ ‘ಮಾಮೂಲು’ ಅಲ್ಲ, ಗಾಬರಿಯಾಗಬೇಡಿ! ಮೂಲ ಒಂದೇ, ನಮ್ಮ ‘ಅಮಲ್ದಾರ’ನದ್ದೂ ಅದೇ. ಆದರೆ ಇಲ್ಲಿ ಅರ್ಥ ‘ಜಾರಿಯಾಗಲಿ’ ಎಂದು.

ಉಳಿದದ್ದು ಬರೀ ವೇಷ. ‘ಕರ್ದನ್’ (ಮಾಡು) ಇರಬೇಕಾದಲ್ಲಿ ‘ನಮೂದನ್’, ‘ಶೊದನ್’ (ಆಗು) ಜಾಗದಲ್ಲಿ ‘ಗರ್ದೀದನ್’, ‘ಅಸ್ತ್’ (ಇದೆ) ಬದಲು ‘ಮೀಬಾಶದ್’. ಅರ್ಥ ಸ್ವಲ್ಪವೂ ಬದಲಾಗುವುದಿಲ್ಲ. ಇರಾನಿನ ಭಾಷಾ ಸಂಪಾದಕರಲ್ಲೇ ಹಲವರಿಗೆ ಈ ಆಡಂಬರ ಹಿಡಿಸುವುದಿಲ್ಲ, ನನಗೂ ಅಷ್ಟೇ. ನೀವು ಓದುವಾಗ ಪೆನ್ಸಿಲ್‌ನಲ್ಲಿ ಸಾದಾ ಕ್ರಿಯಾಪದವನ್ನು ಮೇಲೆ ಬರೆದುಕೊಳ್ಳಿ. ಅರ್ಧ ಪತ್ರ ಬಿಡಿಸಿದ ಹಾಗೆಯೇ.

ಎರಡು ಪದಗಳನ್ನು ಮಾತ್ರ ಅದಲುಬದಲು ಮಾಡಿಕೊಳ್ಳಬೇಡಿ. ‘ಅತ್ಫ್ ಬೆ ನಾಮೆ’ ಎಂದಿದ್ದರೆ ನಿಮ್ಮ ಪತ್ರಕ್ಕೆ ಉತ್ತರ ಬಂದಿದೆ. ‘ಪೆಯ್ರೊವೆ ನಾಮೆ’ ಎಂದಿದ್ದರೆ ಅವರು ಮೊದಲೇ ಕಳಿಸಿದ್ದ ಪತ್ರದ ಮುಂದುವರಿಕೆ. ಎರಡನೆಯದು ಕಂಡರೆ, ಆ ಹಿಂದಿನ ಪತ್ರ ಕೈಸೇರಿದೆಯಾ ನೋಡಿಕೊಳ್ಳಿ.

ಸಂಖ್ಯೆ, ದಿನಾಂಕ, ಲಗತ್ತು ಸಾಮಾನ್ಯವಾಗಿ ಮೇಲೆ ಎಡಮೂಲೆಯಲ್ಲಿರುತ್ತವೆ. ಅಲ್ಲಿರುವುದು ಇರಾನಿನ ಸೌರ ಪಂಚಾಂಗ. 1402 ಎಂದರೆ 2023ರ ಮಾರ್ಚ್‌ನಿಂದ 2024ರ ಮಾರ್ಚ್‌ವರೆಗಿನ ವರ್ಷ. ಪತ್ರದಲ್ಲಿ ಕೊನೆಯ ದಿನಾಂಕ ಏನಾದರೂ ಕೊಟ್ಟಿದ್ದರೆ, ವ್ಯಾಕರಣ ಆಮೇಲೆ, ಮೊದಲು ಅದನ್ನು ಲೆಕ್ಕ ಹಾಕಿ.